ಸ್ವಾತಿಯ ಬಗ್ಗೆ ನಾನು ಬಿಟ್ಟ ಬುರುಡೆ

ಗೆಳೆಯಾ,

ಮೊನ್ನೆ ತಾರಸಿ ಮೇಲೆ ಕೂತಾಗ ಸಪ್ತರ್ಷಿ ಮಂಡಲದ ಬಾಲದ ಬಾಗು ಹಿಡಿದು ಮುಂದೆ ಹೋಗಿ ಸ್ವಾತಿ ನಕ್ಷತ್ರ ತೋರಿಸಿದೆನಲ್ಲ, "ಇದು ಕಿತ್ತಳೆ ದೈತ್ಯ, ಸೂರ್ಯನಿಗಿಂತ ನೂರಾರು ಪಟ್ಟು ಭಾರ" ಅಂತ ಕೊಚ್ಚಿಕೊಂಡೆ. ನೀನೂ ಪಾಪ ನಂಬಿ ತಲೆಯಾಡಿಸಿದೆ. ಅದು ಶುದ್ಧ ಬುರುಡೆ ಮಾರಾಯ. ಆಮೇಲೆ ಅಂಕಿಅಂಶ ತೆಗೆದು ನೋಡಿ ನನಗೇ ನಾಚಿಕೆಯಾಯಿತು. ಅದಕ್ಕೇ ಈ ಕಾಗದ.

ಸ್ವಾತಿಯ ದ್ರವ್ಯರಾಶಿ ಸೂರ್ಯನ ಸುಮಾರು 1.1 ಪಟ್ಟು. ಅಷ್ಟೇ! ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟೇ ಸರಕು. ಆದರೆ ಅಡ್ಡಳತೆ ಸೂರ್ಯನ 25 ಪಟ್ಟು. ಅಡ್ಡಳತೆ 25 ಪಟ್ಟಾದರೆ ಗಾತ್ರ 25ರ ಘನದಷ್ಟಾಗುತ್ತದಲ್ಲ, ಅಂದರೆ ಹತ್ತಿರ ಹತ್ತಿರ 16 ಸಾವಿರ ಸೂರ್ಯರು ಹಿಡಿಸುವ ಜಾಗದಲ್ಲಿ ಒಬ್ಬ ಸೂರ್ಯನಿಗಾಗುವಷ್ಟು ಅನಿಲ ಹರಡಿಕೊಂಡು ಕೂತಿದೆ. ಪೆನ್ನು ಹಿಡಿದು ಸರಾಸರಿ ಸಾಂದ್ರತೆ ಲೆಕ್ಕ ಹಾಕಿದೆ. ನೀನು ಈಗ ಉಸಿರಾಡುತ್ತಿರುವ ಗಾಳಿಯ ಹತ್ತನೇ ಒಂದು ಪಾಲೂ ಬರಲಿಲ್ಲ. ನಂಬಿಕೆಯಾಗದೆ ಎರಡು ಸಲ ಹಾಕಿದೆ, ಉತ್ತರ ಅದೇ. ಇದು ಸರಾಸರಿ, ನೆನಪಿರಲಿ. ನಡುವಿನ ತಿರುಳು ಭಯಂಕರ ಒತ್ತಾಗಿದೆ, ಹೊರಗಿನ ಪದರಗಳು ಈ ಸರಾಸರಿಗಿಂತಲೂ ತೆಳು.

ಗುರುತ್ವದ ಕಥೆ ಇನ್ನೂ ಮಜಾ. ಅದರ ಮೇಲ್ಮೈಯಲ್ಲಿ ಗುರುತ್ವ ಭೂಮಿಯ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲ. 70 ಕೆಜಿಯವನನ್ನು ಅಲ್ಲಿ ತೂಗಿದರೆ ತಕ್ಕಡಿ ಮೂರೂಕಾಲು ಕೆಜಿ ತೋರಿಸೀತು. ಚಂದ್ರನ ಮೇಲಾದರೂ ಹನ್ನೊಂದೂವರೆ ಕೆಜಿ ಬರುತ್ತಾನೆ. ಅಲ್ಲಿ ನಿಲ್ಲೋಕೆ ನೆಲ ಎಲ್ಲಿದೆ ಅಂತ ಕೇಳಬೇಡ, ಲೆಕ್ಕಕ್ಕೆ ಹೇಳಿದೆ.

ನಿಜವಾಗಿ ತೂಕದ ಆಸಾಮಿ ಬೇಕಿದ್ದರೆ ಅದೇ ಬಾಗನ್ನು ಇನ್ನಷ್ಟು ಮುಂದಕ್ಕೆ ಎಳೆ, ಚಿತ್ತಾ ಸಿಗುತ್ತದೆ. ಅದು ಜೋಡಿ ನಕ್ಷತ್ರ. ಜೋಡಿಯಲ್ಲಿ ದೊಡ್ಡದರ ದ್ರವ್ಯರಾಶಿ ಸೂರ್ಯನ ಹತ್ತು ಪಟ್ಟಿಗೂ ಹೆಚ್ಚು, ಅಡ್ಡಳತೆ ಮಾತ್ರ ಏಳೆಂಟು ಪಟ್ಟು. ಆದರೂ ಮೊನ್ನೆ ನಾನು ಅದನ್ನು ದೈತ್ಯ ಅಂತ ಬೆರಳು ಮಾಡಿ ತೋರಿಸಲಿಲ್ಲ.

ಸ್ವಾತಿ ಹೀಗೆ ಉಬ್ಬಿದ್ದು ಯಾಕೆ ಅಂತ ಕೇಳುತ್ತೀಯ. ವಯಸ್ಸು. ಸುಮಾರು 700 ಕೋಟಿ ವರ್ಷದ ಮುದುಕ ಅದು. ಸೂರ್ಯನಿಗಿನ್ನೂ 460 ಕೋಟಿ. ತಿರುಳಿನಲ್ಲಿದ್ದ ಹೈಡ್ರೋಜನ್ ಉರಿದುರಿದು ಹೀಲಿಯಂ ಆಗಿ ಮುಗಿದುಹೋಯಿತು. ಉರಿ ಆರಿದ ತಿರುಳು ತನ್ನ ಭಾರಕ್ಕೆ ತಾನೇ ಕುಗ್ಗಿತು, ಕುಗ್ಗಿದ್ದಕ್ಕೆ ಕಾವೇರಿತು. ಆ ಕಾವಿಗೆ ತಿರುಳಿನ ಸುತ್ತಲಿನ ಹೈಡ್ರೋಜನ್ ಪದರ ಮೊದಲಿಗಿಂತ ಜೋರಾಗಿ ಹೊತ್ತಿಕೊಂಡಿತು. ಅಷ್ಟು ಶಕ್ತಿ ಹೊರಹೋಗಲು ದಾರಿ ಬೇಕಲ್ಲ, ಹೊರಮೈ ಉಬ್ಬುತ್ತಾ ಹೋಯಿತು, ಉಬ್ಬಿದಂತೆ ತಣಿಯಿತು. ಒಳಗೆ ಕುಗ್ಗುವುದು, ಹೊರಗೆ ಹಿಗ್ಗುವುದು, ಎರಡೂ ಒಟ್ಟಿಗೇ! ನನಗೆ ಇದು ತಲೆಗೆ ಹತ್ತಲು ವರ್ಷಗಳೇ ಬೇಕಾದವು.

ತಣಿದದ್ದು ಎಷ್ಟು? ಇಲ್ಲಿ ನನ್ನ ಎರಡನೇ ತಪ್ಪು. "ಕಿತ್ತಳೆ ಅಂದರೆ ತಣ್ಣನೆಯದು" ಅಂದಿದ್ದೆ. ಸ್ವಾತಿಯ ಮೇಲ್ಮೈ ಸುಮಾರು 4,300 ಕೆಲ್ವಿನ್. ಸೂರ್ಯನ 5,770ಕ್ಕೆ ಹೋಲಿಸಿದರೆ ತಣ್ಣಗೆ, ಸರಿ. ಆದರೆ ಹಳೆಯ ತಂತಿ ಬಲ್ಬು ನೆನಪಿದೆಯಾ? ಅದರ ಟಂಗ್‌ಸ್ಟನ್ ತಂತಿ ಉರಿಯುವುದೇ 2,700ರ ಆಸುಪಾಸಿನಲ್ಲಿ, ಕರಗುವುದು 3,700ಕ್ಕೆ. ಸ್ವಾತಿಯ ಮೈಮೇಲೆ ಆ ತಂತಿಯೂ ನೀರಾಗುತ್ತದೆ. ಹಾಗೆ ನೋಡಿದರೆ ಆ ಬಲ್ಬನ್ನೇ ಕಿತ್ತಳೆ ಅನ್ನಬೇಕಿತ್ತು. ಸ್ವಾತಿ ಬರೀ ತೆಳು ಹೊಂಬಣ್ಣ. ಪಕ್ಕದಲ್ಲಿ ಚಿತ್ತಾದಂಥ ನೀಲಿಬಿಳುಪಿನದು ಇರುವುದಕ್ಕೆ ಆ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ ಅಷ್ಟೆ.

ತಣಿದರೂ ಬೆಳಕಿಗೆ ಬರವಿಲ್ಲ. ಒಂದೊಂದು ಚದರ ಮೀಟರಿನಿಂದ ಹೊರಡುವ ಬೆಳಕು ಸೂರ್ಯನದರ ಮೂರನೇ ಒಂದು ಪಾಲಿಗೂ ಕಡಿಮೆ, ಆದರೆ ಮೈ ಅಷ್ಟು ವಿಶಾಲ, ಒಟ್ಟು ಸೇರಿಸಿದರೆ ಸೂರ್ಯನ ಸುಮಾರು 170 ಪಟ್ಟು. ಅದರಲ್ಲೂ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು. ಸೂರ್ಯನ ಜಾಗದಲ್ಲಿ ಅದನ್ನು ತಂದಿಟ್ಟರೆ, ಚಾಚಿದ ಕೈಯ ಮುಷ್ಟಿಯಲ್ಲೂ ಅದು ಮರೆಯಾಗದು. ಈಗ ಕಿರುಬೆರಳೇ ಸೂರ್ಯನನ್ನು ಮುಚ್ಚುತ್ತದಲ್ಲ!

ತಪ್ಪಿದವನು ನಾನೊಬ್ಬನೇ ಅಲ್ಲ ಅನ್ನುವುದು ಸಮಾಧಾನ. 1933ರಲ್ಲಿ ಚಿಕಾಗೋದ ವಿಶ್ವಮೇಳದ ದೀಪಗಳನ್ನು ಸ್ವಾತಿಯ ಬೆಳಕನ್ನು ದೂರದರ್ಶಕದಲ್ಲಿ ಹಿಡಿದು, ಅದನ್ನೇ ಸ್ವಿಚ್ಚಿನಂತೆ ಬಳಸಿ ಬೆಳಗಿಸಿದರು. ಅದೇ ಊರಿನ 1893ರ ಮೇಳದ ಹೊತ್ತಿಗೆ ಹೊರಟ ಬೆಳಕು ಇದು, 40 ವರ್ಷ ಪಯಣಿಸಿ ಬಂದಿದೆ ಎಂಬ ಲೆಕ್ಕ. ಈಗಿನ ಅಳತೆಯಲ್ಲಿ ದೂರ 37 ಜ್ಯೋತಿರ್ವರ್ಷದೊಳಗೆ. ಅವರು ಹಿಡಿದದ್ದು ಆ ಹಳೆಯ ಮೇಳ ಮುಗಿದು ಹತ್ತಿರ ಹತ್ತಿರ ಮೂರು ವರ್ಷವಾದ ಮೇಲೆ ಹೊರಟ ಬೆಳಕು.

ಮುಂದಿನ ಸಲ ಬೈನಾಕ್ಯುಲರ್ ತಾ. ಸ್ವಾತಿಗೆ ಹಿಡಿದು ಫೋಕಸ್ ಸ್ವಲ್ಪ ಬೇಕೆಂದೇ ಕೆಡಿಸು. ಚುಕ್ಕೆ ಅಗಲವಾಗಿ ಪುಟ್ಟ ಬಿಲ್ಲೆಯಾಗುತ್ತದೆ, ಬಣ್ಣ ಆಗ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ಹಾಗೇ ಚಿತ್ತಾಗೆ ತಿರುಗಿಸು. ಯಾವುದಕ್ಕೆ ಯಾವ ಬಣ್ಣ ಅನ್ನುವುದನ್ನು ಈ ಸಲ ನೀನು ಹೇಳು, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ನಿನ್ನ,
ಬುರುಡೆ ಗೆಳೆಯ