ತುಪ್ಪದ ರೇಟು, ಬಿಸ್ಕತ್ತಿನ ತೂಕ

ಸಂಪಾದಕರೇ,

ಜಿಎಸ್‌ಟಿ ಇಳಿದು ಜನರಿಗೆ ಏನು ಉಳಿಯಿತು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಒಬ್ಬರು ಬೆಲೆ ಇಳಿದಿದೆ ಅನ್ನುತ್ತಾರೆ, ಇನ್ನೊಬ್ಬರು ಎಲ್ಲಿ ತೋರಿಸಿ ಅನ್ನುತ್ತಾರೆ. ದಿನಸಿ ಅಂಗಡಿ ಇಟ್ಟುಕೊಂಡಿರುವ ನನಗೆ ಇಬ್ಬರದ್ದೂ ಅರ್ಧ ಲೆಕ್ಕ ಅನ್ನಿಸುತ್ತದೆ.

ನಂದಿನಿ ತುಪ್ಪವನ್ನೇ ನೋಡಿ. 2025ರ ಸೆಪ್ಟೆಂಬರ್ 22ಕ್ಕೆ ತೆರಿಗೆ ಶೇ 12ರಿಂದ 5ಕ್ಕೆ ಬಂತು, ಲೀಟರಿಗೆ 650 ಇದ್ದದ್ದು 610 ಆಯಿತು. ಕ್ಯಾಲ್ಕುಲೇಟರ್ ಒತ್ತಿದೆ. ಹಳೆ ತೆರಿಗೆ ಕಳೆದು ಹೊಸದು ಕೂಡಿದರೆ 609 ಚಿಲ್ಲರೆ. ಅಂದರೆ ಇಳಿದ ತೆರಿಗೆ ಹೆಚ್ಚುಕಮ್ಮಿ ಪೂರ್ತಿ ಗಿರಾಕಿಗೇ ಸಿಕ್ಕಿತು. ನವೆಂಬರ್‌ನಲ್ಲಿ ಅದೇ ತುಪ್ಪ 700 ಆಯಿತು. 'ತೆರಿಗೆ ಇಳಿಸಿ ಏನು ಬಂತು, 50 ರೂಪಾಯಿ ಜಾಸ್ತಿನೇ ಆಯ್ತಲ್ವಾ?' ಅಂತ ಗಿರಾಕಿಗಳು ನನ್ನ ಮೇಲೆ ರೇಗಿದರು. ಆದರೆ ಹಳೆ ತೆರಿಗೆಯೇ ಇದ್ದು, ಮೂಲ ಬೆಲೆ ಅಷ್ಟೇ ಏರಿದ್ದರೆ 746 ಚಿಲ್ಲರೆ ಕೊಡಬೇಕಿತ್ತು.

ಅರ್ಥಶಾಸ್ತ್ರಜ್ಞರು ಹುಡುಕುವುದು ಈ 746ನ್ನೇ. ನಿನ್ನೆಯ ಬೆಲೆ ಅಲ್ಲ, ತೆರಿಗೆ ಬದಲಾಗದಿದ್ದರೆ ಇವತ್ತು ಇರುತ್ತಿದ್ದ ಬೆಲೆ. ಅದು ಯಾವ ಅಂಗಡಿಯಲ್ಲೂ ಬರೆದಿರುವುದಿಲ್ಲ, ಹಾಗಾಗಿ ತೆರಿಗೆ ಬದಲಾಗದ ಪಕ್ಕದವರನ್ನು ನೋಡುತ್ತಾರೆ. ಫಿನ್‌ಲೆಂಡ್‌ನಲ್ಲಿ 2007ರಲ್ಲಿ ಕ್ಷೌರದ ಮೇಲಿನ ವ್ಯಾಟ್ ಶೇ 22ರಿಂದ 8ಕ್ಕೆ ಇಳಿಸಿದರು, ಬ್ಯೂಟಿ ಪಾರ್ಲರ್‌ಗಳಿಗೆ ಇಳಿಸಲಿಲ್ಲ. 2012ರಲ್ಲಿ ಕ್ಷೌರಕ್ಕೆ ಮತ್ತೆ 23ಕ್ಕೆ ಏರಿಸಿದರು. ಕ್ಷೌರದ ರೇಟು, ಪಾರ್ಲರ್ ರೇಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ತೆರಿಗೆ ಇಳಿದಾಗ ಕ್ಷೌರದ ರೇಟು ಇಳಿದದ್ದಕ್ಕಿಂತ ಏರಿದಾಗ ಏರಿದ್ದು ಸುಮಾರು ಎರಡು ಪಟ್ಟು! ವ್ಯಾಪಾರಿಯಾಗಿ ನನಗೇನೂ ಆಶ್ಚರ್ಯ ಆಗಲಿಲ್ಲ ಬಿಡಿ.

ಇನ್ನು 5 ರೂಪಾಯಿ ಬಿಸ್ಕತ್ತು. ತೆರಿಗೆ 18ರಿಂದ 5ಕ್ಕೆ ಬಂದ ಮೇಲೆ ಲೆಕ್ಕದ ಪ್ರಕಾರ ಅದು 4 ರೂಪಾಯಿ 45 ಪೈಸೆ. ಉಳಿದ 55 ಪೈಸೆಗೆ ನಾನು ಚಿಲ್ಲರೆ ಎಲ್ಲಿಂದ ತರಲಿ? ಸುಮ್ನೆ ಒಂದು ಚಾಕೊಲೇಟ್ ಕೊಟ್ಟು ಕಳಿಸೋಕೂ ಅದು ಸಾಲದು. ರೇಟು 5 ಅಂತಲೇ ಇಟ್ಟು ಪ್ಯಾಕೆಟ್‌ನಲ್ಲಿ ನಾಲ್ಕು ಗ್ರಾಂ ಜಾಸ್ತಿ ತುಂಬಿದರೆ ಅದೂ ಇಳಿಕೆಯೇ, ಆದರೆ ರೇಟು ಮಾತ್ರ ನೋಡುವವರಿಗೆ ಕಾಣುವುದಿಲ್ಲ.

ನೀವು ಮುಂದಿನ ಸಲ ಹಳೆ ಬೆಲೆ, ಹೊಸ ಬೆಲೆ ಪಟ್ಟಿ ಹಾಕುವಾಗ ತೂಕಕ್ಕೂ ಒಂದು ಕಾಲಂ ಬಿಡಿ. ಜೊತೆಗೆ ತೆರಿಗೆ ಮೊದಲಿನಂತೆ ಶೇ 5ರಲ್ಲೇ ಉಳಿದ ಸಕ್ಕರೆ, ಅಡುಗೆ ಎಣ್ಣೆ, ಚಹಾಪುಡಿಯ ಬೆಲೆಯನ್ನೂ ಪಕ್ಕದಲ್ಲೇ ಹಾಕಿ. ಆ ಪಟ್ಟಿಯನ್ನು ಕತ್ತರಿಸಿ ಅಂಗಡಿ ಗಲ್ಲಾ ಮೇಲೆ ಅಂಟಿಸುತ್ತೇನೆ.

– ಒಬ್ಬ ದಿನಸಿ ವ್ಯಾಪಾರಿ, ಹಾಸನ