ಟ್ರೊಮ್ಸೊ ಕಟ್ಟಿದ ಡಾಕ್ಟರು: ತಂಗಿಯ ಮಗಳಿಗೊಂದು ಪತ್ರ

ಚಿ. ಸ್ಮಿತಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. ಕಲ್ಯಾಣ ಕರ್ನಾಟಕದ ಆ ಹೊಸ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ನಿನಗೆ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ ಸಿಕ್ಕಿದೆಯಂತೆ. ಸೇರಬೇಕೋ ಬೇಡವೋ ಅಂತ ಮನೆಯಲ್ಲಿ ಎಲ್ಲರೂ ಒಂದೊಂದು ಮಾತು ಹೇಳುತ್ತಿದ್ದಾರಂತೆ. "ಬೆಂಗಳೂರು ಬಿಟ್ಟರೆ ಓದಿದ್ದೆಲ್ಲ ಮಣ್ಣುಪಾಲು" ಅನ್ನೋದು ಅವಳ ಚಿಂತೆ. ನೀನೂ ಒಳಗೊಳಗೇ ಹಾಗೇ ಅಂದುಕೊಂಡಿದ್ದೀಯ ಅಂತ ನನ್ನ ಅನುಮಾನ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಹೋಗು. ಆದರೆ ತ್ಯಾಗ ಮಾಡುತ್ತಿದ್ದೇನೆ ಅನ್ನೋ ಭಾವನೆ ಇಟ್ಟುಕೊಂಡು ಹೋಗಬೇಡ. ಹಾಗೆ ಹೋದವರು ಎರಡೇ ವರ್ಷಕ್ಕೆ ವರ್ಗಾವಣೆ ಅರ್ಜಿ ಹಿಡಿದು ಓಡಾಡುತ್ತಾರೆ. ಇದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ನಾರ್ವೆಯ ಒಬ್ಬ ಡಾಕ್ಟರು, ಪೀಟರ್ ಯೋರ್ಟ್. ಪ್ಯಾಥಾಲಜಿ ಪಾಠ ಮಾಡುತ್ತಿದ್ದಾಗ ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ ಅವರ ಹೆಸರು ಓದಿದ್ದೆ. ಇದೇ ಮನುಷ್ಯ ಉತ್ತರ ನಾರ್ವೆಯ ಟ್ರೊಮ್ಸೊ ಅನ್ನೋ ಊರಲ್ಲಿ ಒಂದು ವಿಶ್ವವಿದ್ಯಾಲಯವನ್ನೇ ಕಟ್ಟಿದವರು ಅಂತ ತಿಳಿದದ್ದು ಆಮೇಲೆ. ಆಗಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಲೇ ಬಂದಿದ್ದೇನೆ.

ಅವರು ಹುಟ್ಟಿದ್ದು 1924ರಲ್ಲಿ. ಅಜ್ಜ ಯೋಹಾನ್ ಯೋರ್ಟ್ ದೊಡ್ಡ ಸಮುದ್ರ ವಿಜ್ಞಾನಿ. ಒಂದು ವರ್ಷ ಬಲೆ ತುಂಬ ಮೀನು, ಇನ್ನೊಂದು ವರ್ಷ ಬರಿಗೈ, ಹೀಗೇಕೆ ಅಂತ ಮೀನುಗಾರರು ತಲೆ ಕೆಡಿಸಿಕೊಂಡಿದ್ದ ಕಾಲ ಅದು. ಯಾವ ವರ್ಷ ಹುಟ್ಟಿದ ಮರಿಗಳು ಜಾಸ್ತಿ ಬದುಕಿ ಉಳಿದವು ಅನ್ನೋದರಲ್ಲಿ ಉತ್ತರ ಇದೆ ಅಂತ 1914ರಲ್ಲಿ ತೋರಿಸಿಕೊಟ್ಟವರು ಈ ಅಜ್ಜ. ಅಪ್ಪ ವಕೀಲರು. ನಾರ್ವೆಯ ಫ್ಯಾಸಿಸ್ಟ್ ಪಕ್ಷ ಶುರು ಮಾಡಿದವರಲ್ಲಿ ಒಬ್ಬರಾಗಿದ್ದರು. ಆಮೇಲೆ ಅದನ್ನು ಬಿಟ್ಟು ಹೊರಬಂದು, ಎರಡನೇ ಮಹಾಯುದ್ಧದಲ್ಲಿ ನಾರ್ವೆಯನ್ನು ಹಿಡಿದಿದ್ದ ಜರ್ಮನ್ ಆಡಳಿತವನ್ನು ಎದುರಿಸಿ ಬಂಧನಕ್ಕೆ ಒಳಗಾದರು. ಅವರನ್ನು ಜರ್ಮನಿಗೆ ಸಾಗಿಸಿ ಬರ್ಲಿನ್ ಹತ್ತಿರದ ಒಂದು ಹಳ್ಳಿಯಲ್ಲಿ ಇಟ್ಟಿದ್ದರು. ಮನೆಯವರೂ ಅಲ್ಲಿಗೆ ಹೋದರು. ಪೀಟರ್ ಅವರ ಅಕ್ಕ ವಾಂಡಾ ಅಲ್ಲಿಂದಲೇ ಸಾಕ್ಸೆನ್‌ಹೌಸೆನ್ ಸೆರೆಶಿಬಿರದ ಗೇಟಿನವರೆಗೆ ಹೋಗಿ, ಒಳಗಿದ್ದ ನಾರ್ವೆಯ ಕೈದಿಗಳಿಗೆ ಊಟ ತಲುಪಿಸುತ್ತಿದ್ದಳು. ಬಂದವರ ಹೆಸರುಗಳನ್ನು ಗುಟ್ಟಾಗಿ ಕಲೆಹಾಕುತ್ತಿದ್ದಳು. 1945ರಲ್ಲಿ ಕೈದಿಗಳನ್ನು ಬಿಳಿ ಬಸ್ಸುಗಳಲ್ಲಿ ಸ್ವೀಡನ್ನಿಗೆ ಕರೆತರುವಾಗ ಆ ಮಾಹಿತಿ ಕೆಲಸಕ್ಕೆ ಬಂತು. ಇಪ್ಪತ್ತು ದಾಟಿದ್ದ ಹುಡುಗಿ ಆಗ ಅವಳು! ಅವಳ ಬಗ್ಗೆಯೇ ನಿನಗೆ ಬೇರೆ ಪತ್ರ ಬರೆಯಬೇಕು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಯೋರ್ಟ್ ಮೊದಲು ಗಟ್ಟಿ ವಿಜ್ಞಾನಿಯಾದರು. ಓಸ್ಲೋದ ದೊಡ್ಡಾಸ್ಪತ್ರೆಯಲ್ಲಿ ಪೌಲ್ ಓವ್ರೆನ್ ಅವರ ಶಿಷ್ಯ. ಓವ್ರೆನ್ ಯಾರು ಗೊತ್ತಲ್ಲ, ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಒಂದಾದ ಫ್ಯಾಕ್ಟರ್ 5 ಕಂಡುಹಿಡಿದವರು. ಯುದ್ಧದ ನಡುವೆ, 1943ರಲ್ಲಿ, ಚಿಕ್ಕಂದಿನಿಂದ ರಕ್ತಸ್ರಾವದಿಂದ ನರಳುತ್ತಿದ್ದ ಒಬ್ಬ ಹೆಂಗಸು ಅವರ ಹತ್ತಿರ ಬಂದಳು. ಆಗ ಗೊತ್ತಿದ್ದ ನಾಲ್ಕು ಅಂಶಗಳಲ್ಲಿ ಯಾವುದನ್ನು ಹಿಡಿದರೂ ಅವಳ ಕಾಯಿಲೆಗೆ ಕಾರಣ ಸಿಗಲಿಲ್ಲ. ಹಾಗಾದರೆ ಐದನೆಯದು ಒಂದಿರಬೇಕು ಅಂತ ಹೊರಟು ಅದನ್ನು ಹಿಡಿದೇಬಿಟ್ಟರು. ಅಂಥ ಗುರು.

ಶಿಷ್ಯ ಹಿಡಿದದ್ದು ಫ್ಯಾಕ್ಟರ್ 7ರ ದಾರಿ. ಗಾಯವಾದ ಜಾಗದ ಅಂಗಾಂಶ, ಫ್ಯಾಕ್ಟರ್ 7, ಕ್ಯಾಲ್ಸಿಯಂ ಇವು ಕೂಡಿ ಹೆಪ್ಪುಗಟ್ಟುವ ಕ್ರಿಯೆ ಹೇಗೆ ಶುರುವಾಗುತ್ತದೆ ಅನ್ನೋದೇ ಅವರ 1957ರ ಪ್ರಬಂಧದ ವಿಷಯ. ಅದಕ್ಕೂ ಮೊದಲು, 1955ರಲ್ಲಿ, ಅಮೆರಿಕದ ಸ್ಯಾಮ್ಯುಯೆಲ್ ರಾಪಪೋರ್ಟ್ ಮತ್ತು ಓವ್ರೆನ್ ಜೊತೆ ಸೇರಿ ಒಂದು ಪರೀಕ್ಷೆ ರೂಪಿಸಿದರು. ಅದನ್ನು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ನಾವು ಮಾಡೋ ಪಿಟಿ, ಅಂದರೆ ಹೆಪ್ಪುಗಟ್ಟೋಕೆ ಎಷ್ಟು ಸೆಕೆಂಡು ಬೇಕು ಅಂತ ನೋಡೋ ಪರೀಕ್ಷೆ, ನೆನಪಿಸಿಕೋ. 37 ಡಿಗ್ರಿ ನೀರಿನಲ್ಲಿ ಟ್ಯೂಬು. ಪ್ಲಾಸ್ಮಾಗೆ ಹೆಪ್ಪುಗಟ್ಟೋದನ್ನು ಶುರು ಮಾಡಿಸೋ ಥ್ರಾಂಬೊಪ್ಲಾಸ್ಟಿನ್, ಕ್ಯಾಲ್ಸಿಯಂ ಹಾಕಿ ಸ್ಟಾಪ್‌ವಾಚ್ ಒತ್ತೋದು. ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಬಗ್ಗಿಸುತ್ತಾ ಇರೋದು. ಹನ್ನೆರಡೋ ಹದಿಮೂರೋ ಸೆಕೆಂಡಿಗೆ ಒಂದು ಬಿಳಿ ಎಳೆ ಕಾಣಿಸುತ್ತದೆ, ತಕ್ಷಣ ನಿಲ್ಲಿಸೋದು. ಈಗ ಮೆಷಿನ್ನೇ ಮಾಡುತ್ತದೆ, ಆದರೂ ನಿನ್ನ ವಿದ್ಯಾರ್ಥಿಗಳ ಕೈಯಲ್ಲಿ ಒಮ್ಮೆ ಮಾಡಿಸು. ಇದರಲ್ಲಿ ಒಂದು ತೊಡಕಿದೆ. ಸಮಯ ಜಾಸ್ತಿಯಾದರೆ ಕೊರತೆ ಇರೋದು ಹೆಪ್ಪುಗಟ್ಟಿಸುವ ಇನ್ನೊಂದು ಅಂಶವಾದ ಪ್ರೊಥ್ರಾಂಬಿನ್ನಿನದೋ ಫ್ಯಾಕ್ಟರ್ 7ರದೋ ಹೇಳೋಕಾಗಲ್ಲ. ಯೋರ್ಟ್ ಮತ್ತು ಗೆಳೆಯರು ಥ್ರಾಂಬೊಪ್ಲಾಸ್ಟಿನ್ ಬದಲು ಹಾವಿನ ವಿಷ ಬಳಸಿದರು. ಆ ವಿಷ ಫ್ಯಾಕ್ಟರ್ 7ನ್ನು ದಾಟಿ ನೇರವಾಗಿ ಫ್ಯಾಕ್ಟರ್ 10ನ್ನೇ ಎಬ್ಬಿಸುತ್ತದೆ. ಹಾಗಾಗಿ ಪ್ರೊಥ್ರಾಂಬಿನ್ನನ್ನು ಪ್ರತ್ಯೇಕವಾಗಿ ಅಳೆಯಲು ದಾರಿಯಾಯಿತು.

ಯಾವ ಹಾವು ಅಂತೀಯ? ರಸೆಲ್ಸ್ ವೈಪರ್. ನಮ್ಮ ಕೊಳಕುಮಂಡಲ! ಓಸ್ಲೋದ ಲ್ಯಾಬಿನಲ್ಲಿ ಸೀಸೆಯೊಳಗಿದ್ದ ವಿಷ, ನೀನು ಹೋಗುತ್ತಿರೋ ಜಿಲ್ಲೆಯ ಹೊಲಗಳಲ್ಲಿ ಹರಿದಾಡುತ್ತಿರುತ್ತದೆ. ಮಳೆಗಾಲದಲ್ಲಿ ಕಳೆ ಕೀಳೋಕೆ, ರಾತ್ರಿ ನೀರು ಹಾಯಿಸೋಕೆ ಹೋದವರನ್ನು ಕಚ್ಚಿ ನಿನ್ನ ಕ್ಯಾಶುವಾಲ್ಟಿಗೆ ಕಳಿಸುತ್ತದೆ. ಒಣಗಿದ ಶುದ್ಧ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ರಕ್ತ ಹೆಪ್ಪುಗಟ್ಟಿದೆಯಾ ಅಂತ ಬಗ್ಗಿಸಿ ನೋಡುವ ಪರೀಕ್ಷೆಯನ್ನು ನೀನು ಅಲ್ಲಿ ಎಷ್ಟು ಸಲ ಮಾಡಬೇಕಾಗುತ್ತದೋ! (ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬ್ ಬಳಸೋಕೆ ಬಿಡಬೇಡ, ರಿಸಲ್ಟ್ ತಪ್ಪು ಬರುತ್ತದೆ.) ಒಬ್ಬರಿಗೆ ಕಿಡ್ನಿ ಹೋಗುತ್ತದೆ, ಇನ್ನೊಬ್ಬರು ಎರಡೇ ದಿನಕ್ಕೆ ಎದ್ದು ಮನೆಗೆ ಹೋಗುತ್ತಾರೆ. ಯಾಕೆ? ಬೆಂಗಳೂರಿನ ಎಸಿ ಲ್ಯಾಬಿನಲ್ಲಿ ಕೂತು ಇದನ್ನು ಕೇಳುವವರಿಗಿಂತ ನಿನಗೆ ಉತ್ತರ ಹುಡುಕೋ ಅವಕಾಶ ಜಾಸ್ತಿ. ರೋಗಿಗಳು ಇರೋದು ಅಲ್ಲಿ, ಅಲ್ವಾ?

ಇನ್ನು ಟ್ರೊಮ್ಸೊ. ನಾರ್ವೆಯ ಉತ್ತರ ಭಾಗ ಅಂದರೆ ನೂರಾರು ಮೈಲಿ ಉದ್ದದ ಕರಾವಳಿ, ದ್ವೀಪಗಳು, ಮೀನುಗಾರರ ಹಳ್ಳಿಗಳು, ಹಿಮಸಾರಂಗ ಸಾಕುವ ಸಾಮಿ ಜನ. ಊರು ಆರ್ಕ್ಟಿಕ್ ವೃತ್ತಕ್ಕಿಂತ ಮೇಲೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟೋದೇ ಇಲ್ಲ. ಅದರಲ್ಲೂ ಫಿನ್‌ಮಾರ್ಕ್ ಜಿಲ್ಲೆಯನ್ನು ಜರ್ಮನ್ ಸೈನ್ಯ 1944ರಲ್ಲಿ ಹಿಂದೆ ಸರಿಯುವಾಗ ಸುಟ್ಟು ಬೂದಿ ಮಾಡಿತ್ತು. ಯುದ್ಧ ಮುಗಿದ ಮೇಲೂ ಡಾಕ್ಟರುಗಳ ಬರ ಮುಗಿಯಲಿಲ್ಲ. ದಕ್ಷಿಣದಲ್ಲಿ ಓದಿದವರು ಬರುತ್ತಿರಲಿಲ್ಲ, ಬಂದರೂ ನಿಲ್ಲುತ್ತಿರಲಿಲ್ಲ. ಈ ಕಥೆ ಎಲ್ಲೋ ಕೇಳಿದ ಹಾಗಿದೆ ಅನ್ನಿಸುತ್ತಿದೆಯಾ?

1968ರ ಮಾರ್ಚಿನಲ್ಲಿ ನಾರ್ವೆಯ ಸಂಸತ್ತು ಟ್ರೊಮ್ಸೊದಲ್ಲಿ ವಿಶ್ವವಿದ್ಯಾಲಯ ಬೇಕು ಅಂತ ತೀರ್ಮಾನಿಸಿತು. ಅಷ್ಟು ಸಣ್ಣ ಊರು, ಪಾಠಕ್ಕೆ ಬೇಕಾದಷ್ಟು ರೋಗಿಗಳೆಲ್ಲಿ, ಪ್ರೊಫೆಸರುಗಳು ಯಾರು ಬರುತ್ತಾರೆ, ಮಟ್ಟ ಇಳಿದುಹೋಗುತ್ತದೆ ಅಂತ ಸಂಶಯಪಟ್ಟವರು ಬೇಕಾದಷ್ಟು ಜನ. ಅದನ್ನು ಕಟ್ಟುವ ಮಂಡಳಿಯ ಹೊಣೆ ಬಿದ್ದದ್ದು ಯೋರ್ಟ್ ಮೇಲೆ. ಓಸ್ಲೋದಲ್ಲಿ ಹೆಸರಿದ್ದ, ನಲವತ್ತು ದಾಟಿದ ಸಂಶೋಧಕ. ಅಲ್ಲೇ ಇದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಒಪ್ಪಿಕೊಂಡರು. ಟ್ರೊಮ್ಸೊದ ಮೊದಲ ರೆಕ್ಟರ್, ಅಂದರೆ ನಮ್ಮಲ್ಲಿ ಕುಲಪತಿ ಇದ್ದ ಹಾಗೆ, ಅವರೇ. 1972ರಲ್ಲಿ ದೊರೆ ಐದನೇ ಓಲಾವ್ ಬಂದು ಉದ್ಘಾಟನೆ ಮಾಡಿದರು.

ಅವರು ಓಸ್ಲೋದ ನಕಲು ಮಾಡಲಿಲ್ಲ. ನೀನು ಕಲಿಯಬೇಕಾದ್ದು ಇದನ್ನೇ. ಹಳೆಯ ಪದ್ಧತಿಯಲ್ಲಿ ಮೊದಲ ವರ್ಷಗಳೆಲ್ಲ ಅನಾಟಮಿ, ಫಿಸಿಯಾಲಜಿ ಉರು ಹೊಡೆಯೋದರಲ್ಲೇ ಹೋಗುತ್ತಿತ್ತು. ರೋಗಿಯ ಮುಖ ಕಾಣುತ್ತಿದ್ದುದು ಆಮೇಲೆ. ಟ್ರೊಮ್ಸೊದಲ್ಲಿ ಆ ಗೋಡೆ ಒಡೆದರು. ಹೃದಯ ಅಂದರೆ ಅದರ ರಚನೆ, ಕೆಲಸ, ಕಾಯಿಲೆ ಎಲ್ಲವೂ ಒಟ್ಟಿಗೆ. ರೋಗಿಯ ಜೊತೆ ಮಾತು ಶುರುವಿನಿಂದಲೇ. ಕೊನೆಯ ವರ್ಷಗಳಲ್ಲಿ ಹಲವು ತಿಂಗಳು ದೊಡ್ಡಾಸ್ಪತ್ರೆ ಬಿಟ್ಟು, ಉತ್ತರದ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ, ಹಳ್ಳಿ ಡಾಕ್ಟರ ಪಕ್ಕದಲ್ಲಿ ಕೆಲಸ. ಜೊತೆಗೆ ಸೀಟುಗಳಲ್ಲಿ ದೊಡ್ಡ ಪಾಲನ್ನು ಉತ್ತರ ನಾರ್ವೆಯ ಮಕ್ಕಳಿಗೇ ಮೀಸಲಿಟ್ಟರು.

ಫಲ ಏನು ಬಂತು? 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿ ಓದಿದ 417 ಡಾಕ್ಟರುಗಳ ಲೆಕ್ಕ ಇದೆ. ಒಟ್ಟು 56 ಶೇಕಡಾ ಜನ ಉತ್ತರದಲ್ಲೇ ಉಳಿದಿದ್ದರು. ಉತ್ತರದಲ್ಲೇ ಹುಟ್ಟಿ ಬೆಳೆದವರಲ್ಲಿ ನೋಡಿದರೆ 82 ಶೇಕಡಾ. ದಕ್ಷಿಣದಿಂದ ಬಂದು ಓದಿದವರಲ್ಲಿ ಸುಮಾರು 38.

ಈ 82 ಮತ್ತು 38ನ್ನು ನೀನು ಮರೆಯಬಾರದು ಸ್ಮಿತಾ. ನಿನ್ನ ತರಗತಿಯಲ್ಲಿ 371ಜೆ ಮೀಸಲಾತಿಯಲ್ಲಿ ಬಂದ ಆ ಭಾಗದ ಮಕ್ಕಳು ಕೂತಿರುತ್ತಾರೆ. ಸ್ಟಾಫ್ ರೂಮಿನಲ್ಲಿ ಅವರ ಇಂಗ್ಲಿಷ್ ಬಗ್ಗೆ, ರ್‍ಯಾಂಕ್ ಬಗ್ಗೆ ಹಗುರವಾಗಿ ಮಾತಾಡುವವರು ಇದ್ದೇ ಇರುತ್ತಾರೆ. ನಾನೂ ಅಂಥ ಮಾತು ಬೇಕಾದಷ್ಟು ಕೇಳಿದ್ದೇನೆ. ನೀನು ಅದಕ್ಕೆ ತಲೆಯಾಡಿಸಬೇಡ. ನೀನು ಹೋದ ಮೇಲೂ, ನಾನು ಸತ್ತ ಮೇಲೂ, ಆ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವವರು ಆ ಮಕ್ಕಳೇ. ಅವರಿಗೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳು, ಮತ್ತೆ ಹೇಳು. ಮಟ್ಟವನ್ನು ಮಾತ್ರ ಇಳಿಸಬೇಡ. ಪರೀಕ್ಷೆಯಲ್ಲಿ ಕನಿಕರ ಬೇಡ, ಪಾಠದಲ್ಲಿ ಇರಲಿ.

ಅಂಥ ಮೂಲೆಯಲ್ಲಿ ಸಂಶೋಧನೆ ಆಗುತ್ತದಾ ಅಂತ ನಿಮ್ಮಪ್ಪ ಕೇಳುತ್ತಿದ್ದನಂತೆ. ಅವನಿಗೂ ಇದನ್ನು ಓದಿ ಹೇಳು. ಉತ್ತರ ನಾರ್ವೆಯಲ್ಲಿ ಹೃದಯಾಘಾತಕ್ಕೆ ಸಾಯುತ್ತಿದ್ದ ಗಂಡಸರು ಜಾಸ್ತಿ. ವಿಶ್ವವಿದ್ಯಾಲಯ ಬಾಗಿಲು ತೆರೆದು ಎರಡೇ ವರ್ಷಕ್ಕೆ, 1974ರಲ್ಲಿ, ಊರಿನ ಜನರನ್ನೇ ಕರೆದು ಪರೀಕ್ಷಿಸುವ ಕೆಲಸ ಶುರುವಾಯಿತು. ಮೊದಲ ಸುತ್ತಿನಲ್ಲಿ 20ರಿಂದ 49 ವರ್ಷದ ಗಂಡಸರು. 1977ರಲ್ಲೇ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಆ ಕೆಲಸ ಮಾಡಿದ ಸಂಶೋಧಕರ ಲೇಖನ ಬಂತು. ರಕ್ತದಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಅನ್ನಿಸಿಕೊಳ್ಳುವ ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಮುಂದೆ ಹೃದ್ರೋಗ ಬರುವುದು ಜಾಸ್ತಿ ಅಂತ. ಇವತ್ತು ಬೀದಿ ಬದಿಯ ಲ್ಯಾಬಿನವರೂ ಎಚ್‌ಡಿಎಲ್ ಬರೆದುಕೊಡುತ್ತಾರಲ್ಲ, ಅದರ ಹಿಂದೆ ಆ ಊರಿನವರ ರಕ್ತವೂ ಇದೆ.

1983ರಲ್ಲಿ ಅವರೇ ಇನ್ನೊಂದು ಬೆಳಕು ಚೆಲ್ಲಿದರು. ಕಾಫಿ ಜಾಸ್ತಿ ಕುಡಿಯುವವರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ. ಅಲ್ಲಿನವರು ಪುಡಿಯನ್ನು ನೀರಿನಲ್ಲಿ ಹಾಕಿ ಕುದಿಸಿ, ಸೋಸದೆ ಕುಡಿಯುತ್ತಿದ್ದರು. ಕುದಿಸಿದ ಕಾಫಿ ಬಿಟ್ಟು ಕಾಗದದ ಫಿಲ್ಟರಿನಲ್ಲಿ ಸೋಸಿ ಕುಡಿದವರಲ್ಲಿ ಕೊಲೆಸ್ಟ್ರಾಲ್ ಇಳಿಯಿತು. ಕಾಫಿಯಲ್ಲಿರುವ ಎಣ್ಣೆಯಂಥ ಅಂಶವನ್ನು ಕಾಗದ ಹಿಡಿದಿಟ್ಟುಕೊಳ್ಳುತ್ತದೆ. (ನಮ್ಮ ಮನೆಯ ಸ್ಟೀಲ್ ಫಿಲ್ಟರಿಗೆ ಇದು ಅನ್ವಯಿಸಲ್ಲ, ನಿಮ್ಮಮ್ಮನಿಗೆ ಸುಮ್ನೆ ಧೈರ್ಯ ಕೊಡಬೇಡ.) ನೋಡು, ಪಕ್ಕದ ಮನೆಯ ಒಲೆಯ ಮೇಲಿದ್ದ ಪಾತ್ರೆಯಿಂದ ಹುಟ್ಟಿದ ವಿಜ್ಞಾನ ಇದು. ಆ ಊರಲ್ಲಿ ಇದ್ದವರಿಗೇ ಇದು ಕಣ್ಣಿಗೆ ಬೀಳೋಕೆ ಸಾಧ್ಯ.

ಯೋರ್ಟ್ ಕುರ್ಚಿಗೆ ಅಂಟಿಕೊಳ್ಳಲಿಲ್ಲ. ಕಟ್ಟಿ ನಿಲ್ಲಿಸಿ, ಕೆಲವೇ ವರ್ಷಗಳಲ್ಲಿ ಬೇರೆಯವರ ಕೈಗೆ ಕೊಟ್ಟರು. ಆಮೇಲೆ ಆರೋಗ್ಯ ಸೇವೆ ಜನರಿಗೆ ಹೇಗೆ ತಲುಪುತ್ತದೆ ಅನ್ನೋ ಸಂಶೋಧನೆಗೆ ತಿರುಗಿದರು. ಮುದುಕರ ಬದುಕಿನ ಬಗ್ಗೆ ತುಂಬಾ ಬರೆದರು. ದಿನದ ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದಿಷ್ಟು ಶಕ್ತಿ ಮಿಕ್ಕಿರುವುದೇ ಆರೋಗ್ಯ ಅನ್ನೋದು ಅವರ ವಿಚಾರ. ನನ್ನ ಈ ವಯಸ್ಸಿಗೆ ಅದು ಎಷ್ಟು ಸರಿ ಅಂತ ದಿನಾ ಅನ್ನಿಸುತ್ತದೆ. ಎಂಬತ್ತು ದಾಟಿದ ಮೇಲೆ ಆಸ್ಪತ್ರೆಗಳಲ್ಲಿ ಚಿಕಿತ್ಸೆಯಿಂದಲೇ ಆಗುವ ಅನಾಹುತಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. 2011ರಲ್ಲಿ ತೀರಿಕೊಂಡರು.

ಆ ಕೊನೆಯ ಪುಸ್ತಕದ ವಿಷಯ ನಿನಗೆ ಮೊದಲ ದಿನದಿಂದಲೇ ಬೇಕಾಗುತ್ತದೆ. ಹೊಸ ಕಾಲೇಜಿನಲ್ಲಿ ಇನ್ನೂ ಯಾವ ಕೆಟ್ಟ ಚಾಳಿಯೂ ಬೇರು ಬಿಟ್ಟಿರಲ್ಲ. ತಿಂಗಳಿಗೊಮ್ಮೆ ಸಾವುಗಳ ಬಗ್ಗೆ ಕೂತು ಮಾತಾಡುವ ಸಭೆ ಶುರು ಮಾಡಿಸು. ಯಾರ ತಪ್ಪು ಅಂತ ಹುಡುಕದೆ, ಎಲ್ಲಿ ತಪ್ಪಿತು ಅಂತ ನೋಡುವ ಸಭೆ. ನರ್ಸುಗಳನ್ನೂ ಕರೆಯಿರಿ. ಎಷ್ಟೋ ಸಲ ಅವರಿಗೆ ಮೊದಲೇ ಗೊತ್ತಿರುತ್ತದೆ, ಕೇಳುವವರು ಇರಲ್ಲ.

ಸೇರುವ ಮೊದಲು ಒಂದು ಸಲ ಊರಿಗೆ ಹೋಗಿ ಬಾ. ಕ್ವಾರ್ಟರ್ಸ್ ಹೇಗಿದೆ ಅನ್ನೋದಕ್ಕಿಂತ ಮೊದಲು ಬ್ಲಡ್ ಬ್ಯಾಂಕಿನಲ್ಲಿ ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರ್ಪಡಿಸುವ ವ್ಯವಸ್ಥೆ ಇದೆಯಾ, ಹಾವು ಕಡಿತದ ಔಷಧಿ ದಾಸ್ತಾನು ಎಷ್ಟು, ಡಯಾಲಿಸಿಸ್ ರಾತ್ರಿಯೂ ಸಿಗುತ್ತದಾ ಕೇಳು. ಇಲ್ಲ ಅಂದರೆ ವಾಪಸ್ ಬರಬೇಡ, ಯಾವಾಗ ಬರುತ್ತದೆ ಅಂತ ಬರವಣಿಗೆಯಲ್ಲಿ ಕೇಳು. ವಿದ್ಯಾರ್ಥಿಗಳನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸೋಕೆ ಬಸ್ ಇದೆಯಾ ವಿಚಾರಿಸು. ಒಂದು ದಪ್ಪ ರಿಜಿಸ್ಟರ್ ತೆಗೆದುಕೊಂಡು ಹೋಗು. ಬರುವ ಪ್ರತಿ ಹಾವು ಕಡಿತದ ಕೇಸಿನ ಊರು, ಹೊತ್ತು, ಆಸ್ಪತ್ರೆ ತಲುಪಲು ಹಿಡಿದ ಸಮಯ, 20 ನಿಮಿಷದ ಪರೀಕ್ಷೆಯ ರಿಸಲ್ಟ್, ಕೊನೆಗೆ ಏನಾಯಿತು, ಇಷ್ಟನ್ನು ಮೊದಲ ದಿನದಿಂದ ಬರೆಸು. ಕಾಲಂ ಹೇಗೆ ಹಾಕಬೇಕು ಅಂತ ನಾನು ಒಂದು ಹಾಳೆಯಲ್ಲಿ ಬರೆದು ಕಳಿಸುತ್ತೇನೆ. ನಿಮ್ಮಮ್ಮನ ಹತ್ತಿರ ಭಾನುವಾರ ನಾನೇ ಮಾತಾಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ