ಗ್ರೀಕ್ ಬರಲ್ಲ, ಆದ್ರೂ ಹೋಮರ್ ಸಿಕ್ಕಿದ

ಸಂಪಾದಕರಿಗೆ ನಮಸ್ಕಾರ,

ಗ್ರೀಕ್‌ನ ಒಂದಕ್ಷರಾನೂ ಗೊತ್ತಿಲ್ಲದ ನಂಗೆ ಪ್ರಾಚೀನ ಗ್ರೀಕ್ ಕವಿ ಹೋಮರ್ ಸಿಕ್ಕಿದ್ದು ಹಳೇ ಪುಸ್ತಕದಂಗಡೀಲಿ, ಇ. ವಿ. ರಿಯೂ ಇಂಗ್ಲಿಷಿಗೆ ಅನುವಾದ ಮಾಡಿದ ಅವನ ಮಹಾಕಾವ್ಯ ಒಡಿಸ್ಸಿ, 1946ರಲ್ಲಿ ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆ ಶುರುವಾಗಿದ್ದೇ ಇದರಿಂದ. ಪದ್ಯಾನ ಗದ್ಯ ಮಾಡಿದಾರೆ, ಹಾಗಾಗೇ ನನ್ನಂಥೋರೂ ಕಾದಂಬರಿ ಥರ ಓದ್ಕೊಂಡು ಹೋಗ್ಬೋದು. 17ನೇ ಭಾಗದಲ್ಲಿ, ಟ್ರಾಯ್ ಯುದ್ಧಕ್ಕೆ ಹೋಗಿದ್ದ ಕಥಾನಾಯಕ ಒಡಿಸ್ಸಿಯಸ್ 20 ವರ್ಷ ಆದ್ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬರ್ತಾನೆ, ಸಗಣಿ ಗುಡ್ಡೆ ಮೇಲೆ ಮೈತುಂಬ ಹುಳ ಹತ್ತಿಸ್ಕೊಂಡು ಮಲಗಿರೋ ಮುದಿ ನಾಯಿ ಆರ್ಗೋಸ್ ಒಡೆಯನ ಗುರುತು ಹಿಡಿದು ಬಾಲ ಆಡಿಸುತ್ತೆ, ಕಿವಿ ಇಳಿಬಿಡುತ್ತೆ, ಎದ್ದು ಬರೋಕೆ ಮಾತ್ರ ಶಕ್ತಿ ಇಲ್ಲ, ಇವನು ಗುಟ್ಟು ಬಯಲಾಗ್ಬಾರ್ದು ಅಂತ ಮುಖ ತಿರುಗಿಸಿ ಕಣ್ಣೊರೆಸ್ಕೋತಾನೆ, ನಾಯಿ ಅಲ್ಲೇ ಪ್ರಾಣ ಬಿಡುತ್ತೆ. ಆ ಪುಟ ದಾಟೋಕೇ ನಂಗೆ ಒಂದು ಸಂಜೆ ಹಿಡೀತು.

ಆಮೇಲೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸ್ ನಾಟಕಾನೂ ಇಂಗ್ಲಿಷಲ್ಲೇ ಓದ್ದೆ, ಯುದ್ಧದಲ್ಲಿ ಸತ್ತ ಗ್ರೀಕ್ ವೀರ ಅಕಿಲಿಸ್‌ನ ಆಯುಧ ತನಗೆ ಸಿಗ್ಲಿಲ್ಲ ಅನ್ನೋ ಅವಮಾನಕ್ಕೆ ಬುದ್ಧಿ ಕೆಟ್ಟು, ಶತ್ರುಗಳು ಅಂದ್ಕೊಂಡು ದನ ಕುರಿ ಕಡಿದು ಹಾಕೋ ವೀರ ಅವನು. ಬಿ.ಎಂ.ಶ್ರೀ ಅವನನ್ನೇ ಅಶ್ವತ್ಥಾಮನ್ ಮಾಡಿ ಕನ್ನಡಕ್ಕೆ ತಂದ್ರಲ್ಲ, ಆ ಧೈರ್ಯ ಎಂಥದ್ದು ಅಂತ ನಂಗೆ ತಿಳಿದಿದ್ದು ಆಗ್ಲೇ.

ನಮ್ಮೂರಿನ ಲೈಬ್ರರೀಲಿ ಕೇಳಿದ್ರೆ ಎರಡೂ ಇಲ್ಲ. ತಾಲ್ಲೂಕು ಲೈಬ್ರರಿಗಳಲ್ಲಿ ಬಿ.ಎಂ.ಶ್ರೀ ನಾಟಕದ ಪಕ್ಕದಲ್ಲೇ ಈ ಇಂಗ್ಲಿಷ್ ಅನುವಾದಗಳನ್ನೂ ಇಡ್ಲಿ ಅಂತ ನಿಮ್ಮ ಪತ್ರಿಕೆ ಮೂಲಕ ಕೇಳ್ಕೋತೀನಿ.

ಇಂತಿ,
ನಿಮ್ಮ ಓದುಗ